ಮಕಾಬೆಯವರು ತಿದ್ದಿದ ದೃಶ್ಯ

ಚೋಫು, ಟೋಕಿಯೊ
1983 ಸೆಪ್ಟೆಂಬರ್ 12

ಮಾನ್ಯ ತೊಗಾಶಿ ಮಿನೆಕೊ ಅವರಿಗೆ,

ಇಲ್ಲಿ ಇನ್ನೂ ಬಿಸಿಲಿನ ಧಗೆ ಇಳಿದಿಲ್ಲ. ನಿಮ್ಮ ಕಾಮೊ ಬಂದರಿನಲ್ಲಿ ಕಡಲ ಗಾಳಿ ಆಗಲೇ ತಣ್ಣಗಾಗಿರಬೇಕು.

ನಿಮ್ಮ ಕಾದಂಬರಿ 'ಹಾಲುಗಾಜಿನ ಕಿಟಕಿ'ಯ ಚಿತ್ರಕಥೆ ಕೊನೆಗೂ ಮುಗಿಯಿತು. ಅದರ ಒಂದು ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಕಥೆಯ ಎಲುಬನ್ನು ಎಲ್ಲೂ ಮುರಿದಿಲ್ಲ. ಹೆಂಡತಿಯನ್ನು ಕೊಂದ ಗಂಡ, ಅವಳಿನ್ನೂ ಬದುಕಿದ್ದಾಳೆಂದು ಬೀದಿಯವರನ್ನೆಲ್ಲ ನಂಬಿಸುತ್ತಾ ಹೋಗುವುದು, ಎದುರು ಮನೆಯ ಶಿಕ್ಷಕಿಯೊಬ್ಬಳಿಗೆ ಮಾತ್ರ ಅನುಮಾನ ಬೆಳೆಯುವುದು, ಎಲ್ಲವೂ ನೀವು ಬರೆದ ಹಾಗೆಯೇ ಇದೆ. ಇದು ಯಾವುದಾದರೂ ನಿಜ ಪ್ರಕರಣವೇ ಎಂದು ಕಳೆದ ವರ್ಷ ಕೇಳಿದ್ದೆ. ಪೂರ್ತಿ ಕಲ್ಪನೆ ಎಂದು ನೀವು ಬರೆದಿದ್ದಿರಿ. ಅದನ್ನು ಓದಿ ನಿಮ್ಮ ಮೇಲಿನ ಗೌರವ ಇನ್ನೂ ಹೆಚ್ಚಿತು.

ಒಂದು ಒಳ್ಳೆಯ ಸುದ್ದಿ. ಚಿತ್ರೀಕರಣಕ್ಕೆ ಮನೆ ಹುಡುಕಲು ನಮ್ಮ ಸಹಾಯಕನನ್ನು ಕಡಲ ತೀರದ ಊರುಗಳಿಗೆಲ್ಲ ಅಟ್ಟಿದ್ದೆ. ಅವನು ಕಂಡುಹಿಡಿದದ್ದು ನಿಮ್ಮದೇ ಬೀದಿಯಲ್ಲಿ, ನಿಮ್ಮ ಮನೆಗೆ ನೇರ ಎದುರಿಗೆ. ಅಡುಗೆಮನೆಗೆ ಹಾಲುಗಾಜಿನ ಕಿಟಕಿ ಕೂಡ ಇದೆಯಂತೆ. ಮನೆಯ ಯಜಮಾನರು ಮಕಾಬೆ ಸದಾಒ ಎಂಬ ನಿವೃತ್ತರು, ಒಬ್ಬರೇ ಇರುವವರು. ಕೇಳಿದ ಕೂಡಲೇ ಒಪ್ಪಿದರಂತೆ. ಅಕ್ಟೋಬರಿನಲ್ಲಿ ನಾವು ಅಲ್ಲಿರುತ್ತೇವೆ.

ನಿಮ್ಮ ವಿಶ್ವಾಸಿ,
ಸೆಗಾವಾ ಯೊರಿಹಿಕೊ


ಕಾಮೊ, ಯಾಮಾಗಾತಾ
ಸೆಪ್ಟೆಂಬರ್ 17

ಮಾನ್ಯ ಸೆಗಾವಾ ಅವರಿಗೆ,

ಚಿತ್ರಕಥೆ ತಲುಪಿತು. ಓದಿದೆ, ಚೆನ್ನಾಗಿದೆ.

ಮನೆಯ ವಿಷಯದಲ್ಲಿ ಮಾತ್ರ ಒಂದು ಕೋರಿಕೆ. ದಯವಿಟ್ಟು ಬೇರೆ ಕಡೆ ನೋಡಿ. ನಮ್ಮ ಬೀದಿ ಕಿರಿದು, ನಿಮ್ಮ ಲಾರಿಗಳು ತಿರುಗುವುದಿಲ್ಲ. ಬೆಳಗಾದರೆ ಮೀನು ಒಣಹಾಕುತ್ತಾರೆ, ವಾಸನೆ ನಿಮ್ಮ ನಟಿಯರಿಗೆ ಹಿಡಿಸುವುದಿಲ್ಲ. ಮಧ್ಯಾಹ್ನ ಗಾಳಿಯ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಮಕಾಬೆಯವರಿಗೂ ವಯಸ್ಸಾಗಿದೆ. ನೋಡಲು ಇದಕ್ಕಿಂತ ಚೆಂದದ ಹಳೆಯ ಮನೆಗಳು ಹತ್ತಿರದ ತ್ಸುರುಓಕಾ ಪಟ್ಟಣದಲ್ಲಿ ಬೇಕಾದಷ್ಟಿವೆ. ನೀವು ಹೇಳಿದರೆ ನಾನೇ ಹೋಗಿ ವಿಚಾರಿಸುತ್ತೇನೆ.

ತೊಗಾಶಿ


ಕಾಮೊ ಬಂದರಿನ ವಸತಿಗೃಹದಿಂದ
ಅಕ್ಟೋಬರ್ 9

ಮಾನ್ಯ ತೊಗಾಶಿ ಅವರಿಗೆ,

ನಿಮ್ಮೂರಿಗೆ ಬಂದು ನೋಡಿದರೆ ನಿಮ್ಮ ಮನೆಗೆ ಬೀಗ. ಸೆಂದಾಯ್‌ನ ತಂಗಿಯ ಮನೆಗೆ ಹೋಗಿದ್ದೀರಿ ಎಂದು ಮಕಾಬೆಯವರು ಹೇಳಿ ವಿಳಾಸ ಬರೆದುಕೊಟ್ಟರು. ಪತ್ರವನ್ನು ಅಲ್ಲಿಗೇ ಹಾಕುತ್ತಿದ್ದೇನೆ.

ಲಾರಿ ತಿರುಗಿತು. ಮೀನಿನ ವಾಸನೆಗೆ ಎರಡೇ ದಿನದಲ್ಲಿ ಮೂಗು ಒಗ್ಗಿತು. ನೀವು ಬರೆದ ಕಾರಣಗಳನ್ನು ಓದಿ ನನಗೆ ಅನ್ನಿಸಿದ್ದು ಇಷ್ಟು: ಲೇಖಕರಿಗೆ ತಮ್ಮ ಕಲ್ಪನೆಯ ಮನೆ ಇಟ್ಟಿಗೆ ಮರದಲ್ಲಿ ಎದ್ದು ನಿಂತರೆ ಸಂಕಟವಾಗುತ್ತದೆ. ಅದು ನನಗೂ ಅರ್ಥವಾಗುತ್ತದೆ, ತಪ್ಪು ತಿಳಿದಿಲ್ಲ.

ಮಕಾಬೆಯವರಂಥವರು ಸಿಗುವುದು ನಮ್ಮ ಪುಣ್ಯ. ಬೆಳಗ್ಗೆ ಎಲ್ಲರಿಗೂ ಚಹಾ, ಸಂಜೆ ಸುಟ್ಟ ಮೀನು. ನಿಮ್ಮ ಪುಸ್ತಕ ಓದಿದ್ದಾರೆಯೇ ಎಂದು ಅವರನ್ನು ಕೇಳಿದೆ.

"ಓದಿದೀನಪ್ಪ. ಎದುರುಮನೆ ಟೀಚರು ಬರೆದಿದ್ದು, ಓದದೇ ಇರೋಕಾಗುತ್ತಾ? ಚೆನ್ನಾಗಿ ಬರೆದಿದಾರೆ. ಆ ಗಂಡನ್ನ ಮಾತ್ರ ಇರೋದಕ್ಕಿಂತ ಬುದ್ಧಿವಂತ ಮಾಡ್ಬಿಟ್ಟಿದಾರೆ."

ನಮ್ಮ ಹುಡುಗರೆಲ್ಲ ನಕ್ಕರು. ಗಂಡನ ಪಾತ್ರ ಮಾಡುತ್ತಿರುವ ಕಿರ್ಯೂ ಮುಖ ಊದಿಸಿಕೊಂಡು ಕೂತ. "ನೀನು ಬೇಜಾರಾಗ್ಬೇಡ ಮಗಾ, ನಿನ್ನ ಮುಖ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ" ಎಂದು ಮಕಾಬೆಯವರೇ ಸಮಾಧಾನ ಮಾಡಿದರು.

ಅವರ ಹೆಂಡತಿ ಬಹಳ ಹಿಂದೆಯೇ ಮನೆ ಬಿಟ್ಟುಹೋದರಂತೆ. ನನಗಿದು ಗೊತ್ತಿರಲಿಲ್ಲ. ನಮ್ಮ ಕಥೆ ಅವರಿಗೆ ನೋವಾದೀತೇ ಎಂದು ಕೇಳಿದೆ. "ಅದು ಅದರ ಪಾಡಿಗೆ, ಇದು ಇದರ ಪಾಡಿಗೆ" ಎಂದರು. ನೀವು ಮನೆ ಬೇಡ ಎಂದದ್ದು ಅವರ ಮನಸ್ಸು ನೋಯದಿರಲಿ ಎಂದೇ ಅಲ್ಲವೇ? ಈಗ ಹೊಳೆಯಿತು. ನಿಮ್ಮದು ದೊಡ್ಡ ಮನಸ್ಸು.

ಸೆಗಾವಾ


ಸೆಂದಾಯ್
ಅಕ್ಟೋಬರ್ 13
(ಅಂಚೆ ಕಾರ್ಡು)

ತಂಗಿಯ ವಿಳಾಸವನ್ನು ನಾನು ಮಕಾಬೆಯವರಿಗೆ ಕೊಟ್ಟಿರಲಿಲ್ಲ.

ಚಿತ್ರೀಕರಣ ಬೇಗ ಮುಗಿಸಿ. ಕಥೆಯ ಬಗ್ಗೆ ಅವರೊಡನೆ ಮಾತಾಡಬೇಡಿ, ಅವರ ಸಲಹೆ ಕೇಳಬೇಡಿ. ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆ ತೆಗೆಯಿರಿ. ಇಷ್ಟನ್ನು ನಡೆಸಿಕೊಡಿ.

ತೊಗಾಶಿ


ಚೋಫು
ನವೆಂಬರ್ 2

ಮಾನ್ಯ ತೊಗಾಶಿ ಅವರಿಗೆ,

ಕಾಮೊದ ಕೆಲಸ ಮುಗಿಸಿ ಮೊನ್ನೆ ವಾಪಸಾದೆವು. ನಿಮ್ಮ ಕಾರ್ಡು ಸ್ವಲ್ಪ ಖಾರವಾಗಿತ್ತು. ಆದರೂ ನಡೆದದ್ದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಒಂದು ದೃಶ್ಯವನ್ನು ಬದಲಾಯಿಸಿದೆ. ಓದಿದ ಮೇಲೆ ನೀವೂ ಒಪ್ಪುತ್ತೀರಿ.

ಡಬ್ಬಿಯ ದೃಶ್ಯ. ಪುಸ್ತಕದಲ್ಲಿ ಶಿಕ್ಷಕಿ ಹಬ್ಬದ ಕೆಂಪು ಕಾಳಿನ ಅನ್ನವನ್ನು ಅರಗಿನ ಡಬ್ಬಿಯಲ್ಲಿ ತುಂಬಿ, ಬಟ್ಟೆ ಸುತ್ತಿ ಎದುರು ಮನೆಗೆ ಕೊಡುತ್ತಾಳೆ. ಹೆಂಡತಿ ಸತ್ತ ಮೇಲೆ ಗಂಡ ಡಬ್ಬಿ ತೊಳೆದು, ನಾವೆಲ್ಲ ಮಾಡುವ ಹಾಗೆ ಖಾಲಿ ಕಳಿಸದೆ ಒಳಗೊಂದು ಬೆಂಕಿಪೊಟ್ಟಣ ಇಟ್ಟು, ಶಿಕ್ಷಕಿಯ ಬಾಗಿಲಲ್ಲಿ ಇಟ್ಟು ಹೋಗುತ್ತಾನೆ. ಬೆಂಕಿಪೊಟ್ಟಣ ನೋಡಿ ಅವಳು, ಎದುರು ಮನೆಯವಳು ಕ್ಷೇಮವಾಗಿದ್ದಾಳೆ ಎಂದುಕೊಳ್ಳುತ್ತಾಳೆ. ಇದನ್ನು ಹಾಗೆಯೇ ತಾಲೀಮು ಮಾಡುತ್ತಿದ್ದೆವು. ಮಕಾಬೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ತಲೆಯಾಡಿಸಿದರು.

"ಡೈರೆಕ್ಟ್ರೇ, ಹೀಗಾಗಲ್ಲ ಅದು."

"ಏನಾಗಲ್ಲ?"

"ಗಂಡಸಿಗೆ ಬೆಂಕಿಪೊಟ್ಟಣ ಇಡ್ಬೇಕು ಅಂತ ಎಲ್ಲಿ ಹೊಳೆಯುತ್ತೆ? ಅದೆಲ್ಲ ಹೆಂಗಸರು ನೋಡ್ಕೋತಿದ್ದಿದ್ದು. ಅವನು ತೊಳೀತಾನೆ, ಖಾಲೀನೇ ತಂದಿಟ್ಬಿಡ್ತಾನೆ. ಆಮೇಲೆ ಆ ಬಟ್ಟೇನೂ ಒಗೆದಿರ್ತಾನೆ. ಒಣಗೋ ತನಕ ಕಾಯೋ ತಾಳ್ಮೆ ಎಲ್ಲಿರುತ್ತೆ, ಒದ್ದೇದರಲ್ಲೇ ಸುತ್ತಿ ತರ್ತಾನೆ."

ಕಿರ್ಯೂ ಕೇಳಿದ, "ಬಟ್ಟೆ ಯಾಕೆ ತಾತ ಒಗೀಬೇಕು? ಅನ್ನ ಏನು ಕೊಳೆ ಮಾಡುತ್ತೆ?"

"ಕೈಯಲ್ಲಿ ಏನೋ ಅಂಟಿರುತ್ತೆ ಬಿಡೋ" ಎಂದು ನಕ್ಕು ಚಹಾ ತರಲು ಒಳಗೆ ಹೋದರು.

ಬೆಂಕಿಪೊಟ್ಟಣ ಶಿಕ್ಷಕಿಯನ್ನು ನಂಬಿಸುತ್ತದೆ, ಸರಿ. ಆದರೆ ಖಾಲಿ ಡಬ್ಬಿ, ಒದ್ದೆ ಬಟ್ಟೆ! ಮಾತೇ ಇಲ್ಲದೆ ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ಹಾಗೇ ತೆಗೆದೆವು. ಧ್ವನಿಯ ಹುಡುಗ ತಾಲೀಮಿನಲ್ಲೂ ಯಂತ್ರ ಓಡಿಸುತ್ತಿದ್ದ. ಅವರ ಮಾತೆಲ್ಲ ಟೇಪಿನಲ್ಲಿ ಸಿಕ್ಕಿದೆ. ಆಮೇಲೆ ಹಾಕಿಕೊಂಡು ಎಲ್ಲರೂ ಮತ್ತೆ ಕೇಳಿದೆವು. ಚಿತ್ರದ ಕೊನೆಯ ಹೆಸರುಗಳಲ್ಲಿ 'ಸ್ಥಳೀಯ ಸಲಹೆ: ಮಕಾಬೆ ಸದಾಒ' ಎಂದು ಹಾಕಿಸುತ್ತಿದ್ದೇನೆ.

ಕೋಪ ಮಾಡಿಕೊಳ್ಳಬೇಡಿ.

ಸೆಗಾವಾ


ಸೆಂದಾಯ್
ನವೆಂಬರ್ 5

ಸೆಗಾವಾ ಅವರೇ,

ಇದನ್ನು ಒಬ್ಬರೇ ಇದ್ದಾಗ ಓದಿ.

ಮಕಾಬೆಯವರ ಹೆಂಡತಿಯ ಹೆಸರು ನೊಬುಎ. ನನಗಿಂತ ಆರು ವರ್ಷ ಚಿಕ್ಕವಳು. ನಾನು ಶಾಲೆಯಿಂದ ಬಂದ ಮೇಲೆ ಹಿತ್ತಿಲ ಬಾಗಿಲಿಂದ ಬಂದು ಪುಸ್ತಕ ಕೇಳುತ್ತಿದ್ದಳು. ಅವಳ ಮನೆಯಲ್ಲಿ ಓದುವುದಕ್ಕೆ ಒಪ್ಪಿಗೆ ಇರಲಿಲ್ಲ. ಅಡುಗೆ ಮಾಡುತ್ತಾ ಒಲೆಯ ಪಕ್ಕ ನಿಂತು ಓದಿ ಮುಗಿಸುತ್ತಿದ್ದಳು. ಪುಸ್ತಕಗಳಿಗೆ ಸೋಯಾ ರಸದ ಕಲೆ ಆಗುತ್ತಿತ್ತು. "ಬೇರೆಯವರದ್ದು ಓದಿದ್ದು ಸಾಕು ಟೀಚರ್, ನೀವೇ ಒಂದು ಬರೀರಿ" ಎನ್ನುತ್ತಿದ್ದಳು.

1969ರ ಏಪ್ರಿಲ್‌ನಲ್ಲಿ ನನ್ನ ತಂಗಿಯ ಮಗಳು ಶಾಲೆಗೆ ಸೇರಿದಳು. ಕೆಂಪು ಕಾಳಿನ ಅನ್ನ ಮಾಡಿ ನೊಬುಎಗೆ ಡಬ್ಬಿಯಲ್ಲಿ ಕೊಟ್ಟೆ. ಎರಡು ದಿನದ ಮೇಲೆ, ಹದಿನಾಲ್ಕನೆಯ ತಾರೀಖು, ಡಬ್ಬಿ ನನ್ನ ಮುಂಬಾಗಿಲ ಮೆಟ್ಟಿಲ ಮೇಲಿತ್ತು. ಅವಳು ಎಂದೂ ಮುಂಬಾಗಿಲಿಗೆ ಬಂದವಳಲ್ಲ. ಡಬ್ಬಿ ಖಾಲಿ. ಸುತ್ತಿದ ಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಆ ವಾರದ ಕೊನೆಗೆ ಮಕಾಬೆಯವರು ಬೀದಿಯಲ್ಲಿ ಮನೆಮನೆಗೆ ಹೋಗಿ ತಲೆಬಾಗಿ ಹೇಳಿದರು, ಹೆಂಡತಿ ಇವತ್ತು ಬೆಳಗಿನ ರೈಲಿಗೆ ಯಾರ ಜೊತೆಗೋ ಹೊರಟುಹೋದಳು, ನಿಮಗೆಲ್ಲ ಮುಖ ತೋರಿಸಲು ನಾಚಿಕೆಯಾಗುತ್ತದೆ ಎಂದು. ಹಿಂದಿನ ದಿನದವರೆಗೂ ಮನೆಯಲ್ಲೇ ಇದ್ದಳು, ಟೀಚರ್ ಡಬ್ಬಿ ಕೂಡ ವಾಪಸು ಕಳಿಸಿದಳು ಎಂದರು.

ನಾನು ಠಾಣೆಗೆ ಹೋದೆ. ಆಗಿನ ಪೊಲೀಸಿನವರು ಬರೆದುಕೊಳ್ಳಲೂ ಇಲ್ಲ. "ಖಾಲಿ ಡಬ್ಬಿ ಸಾಕ್ಷಿ ಅನ್ನೋದಾದ್ರೆ ಟೀಚರ್, ಈ ಊರಿನ ಅರ್ಧ ಗಂಡಸರನ್ನ ಒಳಗೆ ಹಾಕ್ಬೇಕಾಗುತ್ತೆ" ಎಂದರು. ಒದ್ದೆ ಬಟ್ಟೆಯ ವಿಷಯ ಹೇಳುವಷ್ಟರಲ್ಲಿ ಎದ್ದುಹೋಗಿದ್ದರು. ಆಮೇಲೆ ಅದನ್ನು ನಾನು ಯಾರಿಗೂ ಹೇಳಲಿಲ್ಲ. ತಂಗಿಗೂ ಹೇಳಲಿಲ್ಲ. ಏಳು ವರ್ಷ ಕಳೆದ ಮೇಲೆ ಅವರು ಕೋರ್ಟಿನಲ್ಲಿ ಅವಳು ಸತ್ತಳೆಂದು ಬರೆಸಿದರು. ಒಳಗೆ ಅಸ್ಥಿಯೇ ಇಲ್ಲದ ಗೋರಿಗೆ ಅವಳ ಹೆಸರು ಕೆತ್ತಿದರು.

ಪುಸ್ತಕ ಬರೆಯುವಾಗ ಡಬ್ಬಿಯನ್ನು ಬಿಡಲು ಮನಸ್ಸಾಗಲಿಲ್ಲ. ಅದಕ್ಕೇ ತಿರುಗಿಸಿ ಬರೆದೆ. ಖಾಲಿ ಎಂದು ಬರೆದಿದ್ದರೆ ಎದುರು ಮನೆಯವರಿಗೆ ಗೊತ್ತಾಗುತ್ತಿತ್ತು. ಬೆಂಕಿಪೊಟ್ಟಣ ಇಟ್ಟೆ. ಬಟ್ಟೆಯ ಮಾತೇ ಎತ್ತಲಿಲ್ಲ.

ಖಾಲಿ ಡಬ್ಬಿಯನ್ನು ಯಾರಾದರೂ ಊಹಿಸಬಹುದು. ಒದ್ದೆ ಬಟ್ಟೆಯನ್ನು ಊಹಿಸಲಾಗುವುದಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು.

ಕೊಲೆ ಮೊಕದ್ದಮೆಗೆ ಹದಿನೈದು ವರ್ಷದ ಮಿತಿ ಇರುವುದು ನಿಮಗೂ ಗೊತ್ತು. ಬರುವ ಏಪ್ರಿಲ್ ಮಧ್ಯಕ್ಕೆ ಅದು ಮುಗಿಯುತ್ತದೆ. ಆ ಟೇಪನ್ನು ಕಳಿಸಿ. ಅಲ್ಲಿ ನಿಂತು ಕೇಳಿದವರ ಹೆಸರುಗಳನ್ನೂ ಕಳಿಸಿ. ಅವಳು ಎಲ್ಲಿದ್ದಾಳೆ ಎಂದು ಅವರ ಬಾಯಿಂದ ಹೊರಡಿಸಲು ಬೇರೆ ದಾರಿ ಇಲ್ಲ.

ತೊಗಾಶಿ ಮಿನೆಕೊ


ಚೋಫು
ಡಿಸೆಂಬರ್ 8

ಮಾನ್ಯ ತೊಗಾಶಿ ಅವರಿಗೆ,

ಉತ್ತರ ತಡವಾಯಿತು. ಸಂಕಲನದ ಕೆಲಸದಲ್ಲಿ ಮುಳುಗಿದ್ದೆ.

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ನಿಮ್ಮ ಮಾತನ್ನು ನಂಬುವುದಿಲ್ಲ ಎಂದು ಹೇಳುತ್ತಿಲ್ಲ. ಆದರೆ ಒಬ್ಬ ವೃದ್ಧರು ಚಹಾ ಹಿಡಿದುಕೊಂಡು ಆಡಿದ ಮಾತು ಅದು. ಅವರು ಒಂಟಿ ಗಂಡಸು, ಹೆಂಡತಿ ಬಿಟ್ಟುಹೋದ ಮೇಲೆ ಬಟ್ಟೆ ಒಗೆದು ಒದ್ದೆಯಲ್ಲೇ ಉಟ್ಟು ಓಡಾಡಿದ ಅನುಭವ ಇರಬಹುದು. ಇಷ್ಟು ವರ್ಷ ಒಂದೇ ಕಿಟಕಿಯಿಂದ ನೋಡುತ್ತಾ ಕೂತರೆ ಯಾರಿಗಾದರೂ ಎದುರು ಮನೆ ಬೇರೆಯಾಗಿ ಕಾಣುತ್ತದೆ. ನಿಮ್ಮ ಕಾದಂಬರಿಯಲ್ಲೇ ನೀವು ಈ ಮಾತು ಬರೆದಿದ್ದೀರಿ.

ಟೇಪು ಸ್ಟುಡಿಯೋದ ಸ್ವತ್ತು. ನಿರ್ಮಾಪಕರನ್ನು ಕೇಳಬೇಕು. ಕೇಳುತ್ತೇನೆ.

ಸೆಗಾವಾ


ಕಾಮೊ
1984 ಜನವರಿ 15

ಸೆಗಾವಾ ಅವರೇ,

ಹೊಸ ವರ್ಷದ ಶುಭಾಶಯದ ಕಾರ್ಡು ತಲುಪಿತು. ಅದರಲ್ಲಿ ಟೇಪಿನ ಮಾತಿರಲಿಲ್ಲ.

ನಾನು ಮನೆಗೆ ಮರಳಿದ್ದೇನೆ. ತಂಗಿ ಬೇಡ ಎಂದು ಅತ್ತಳು. ತ್ಸುರುಓಕಾಕ್ಕೆ ಹೋಗಿ ಪೊಲೀಸರನ್ನು ಕಂಡೆ. ಈ ಸಲ ಸಿಕ್ಕವರು ಚಿಕ್ಕ ವಯಸ್ಸಿನವರು, ಕೂರಿಸಿ ಕೇಳಿಕೊಂಡರು. "ನಿಮ್ಮ ಮಾತೊಂದೇ ಆದ್ರೆ ಕಷ್ಟ ಅಮ್ಮಾ. ಅವರ ಬಾಯಿಂದ ಬಂದಿದ್ದು ಟೇಪಲ್ಲಿದ್ರೆ, ಜೊತೆಗೆ ಕೇಳಿಸ್ಕೊಂಡೋರು ಇದ್ರೆ, ನಾನು ಕರೆಸ್ತೀನಿ. ನೆಲ ಅಗೆಸೋಕೂ ಆರ್ಡರ್ ತರ್ತೀನಿ. ಬೇಗ ತರಿಸಿ" ಎಂದರು. ನಿಮ್ಮ ಸ್ಟುಡಿಯೋಗೆ ಅವರೂ ದೂರವಾಣಿ ಮಾಡಿದರು. ಅಂಥ ಟೇಪೇ ಇಲ್ಲ ಎಂದು ಅಲ್ಲಿಂದ ಉತ್ತರ ಬಂತಂತೆ.

ನಿಮ್ಮ ಕೈಬರಹದ ಪತ್ರ ನನ್ನಲ್ಲಿದೆ. ತೋರಿಸಿದೆ. ಕೇಳಿದ ಮಾತಿನ ವರದಿ ಸಾಲದು, ಬರೆದವರು ಬಂದು ಹೇಳಿಕೆ ಕೊಡಬೇಕು ಎಂದರು. ಬನ್ನಿ.

ಇಲ್ಲಿ ಹಿಮ ಸೊಂಟದವರೆಗೆ ಬಿದ್ದಿದೆ. ಬೆಳಗ್ಗೆ ಏಳುವ ಮೊದಲೇ ನನ್ನ ಬಾಗಿಲ ಮುಂದಿನ ಹಿಮವನ್ನು ಯಾರೋ ತೆಗೆದಿರುತ್ತಾರೆ. ಯಾರೆಂದು ನೋಡಲು ಕಿಟಕಿ ತೆರೆಯಬೇಕಾಗಿಲ್ಲ. ನಿನ್ನೆ ಮಕಾಬೆಯವರು ಬೀದಿಯಲ್ಲಿ ಎದುರಾದರು.

"ಟೀಚರ್, ಸಿನಿಮಾ ಏಪ್ರಿಲ್ ಕೊನೇಗಂತೆ. ಡೈರೆಕ್ಟ್ರು ಕಾರ್ಡು ಹಾಕಿದಾರೆ. ಒಟ್ಟಿಗೆ ಹೋಗೋಣ್ವಾ?"

ಕಾಲು ನೋವು ಎಂದೆ.

"ನೋವಿರೋ ಕಾಲಲ್ಲೇ ತ್ಸುರುಓಕಾಕ್ಕೆ ಎರಡು ಸಲ ಹೋಗಿಬಂದ್ರಲ್ಲ" ಎಂದರು.

ತೊಗಾಶಿ


ಚೋಫು
ಮಾರ್ಚ್ 19

ಮಾನ್ಯ ತೊಗಾಶಿ ಅವರಿಗೆ,

ಇನ್ನು ನಿಮಗೆ ಸುತ್ತಿ ಬಳಸಿ ಬರೆಯುವುದಿಲ್ಲ. ಟೇಪು ನನ್ನ ಮೇಜಿನ ಒಳಗಿದೆ. ನಿರ್ಮಾಪಕರಿಗೆ ತಿಳಿಸಿದೆ. "ಈಗ ಪೊಲೀಸರು ಆ ಮನೆಗೆ ಬೀಗ ಹಾಕಿದ್ರೆ ನಿನ್ನ ಸಿನಿಮಾನೂ ಅದರೊಳಗೇ ಸೇರ್ಕೊಳ್ಳುತ್ತೆ. ನಿಜವಾದ ಕೊಲೆಗಾರನ ಮನೇಲಿ, ಅವನ ಹೆಸರೂ ಹಾಕಿ ಸಿನಿಮಾ ತೆಗೆದೋನು ಅಂತ ನಾಳೆ ನಿನಗೆ ಯಾರು ಕೆಲಸ ಕೊಡ್ತಾರೆ?" ಎಂದರು. ಇನ್ನೂರು ಜನ ಈ ಚಿತ್ರಕ್ಕೆ ದುಡಿದಿದ್ದಾರೆ. ಕಿರ್ಯೂಗೆ ಇದು ಮೊದಲ ದೊಡ್ಡ ಪಾತ್ರ.

ಬಿಡುಗಡೆ ಏಪ್ರಿಲ್ 28ಕ್ಕೆ. ಅದಾದ ಮರುದಿನವೇ ನಾನೇ ಟೇಪು ಹಿಡಿದು ತ್ಸುರುಓಕಾಕ್ಕೆ ಬರುತ್ತೇನೆ. ಎರಡು ವಾರದ ವ್ಯತ್ಯಾಸಕ್ಕೆ ಪೊಲೀಸರು ಏನಾದರೂ ದಾರಿ ಹುಡುಕಿಯಾರು. ಕಾನೂನಿನಲ್ಲಿ ಅದಕ್ಕೂ ಜಾಗ ಇದ್ದೇ ಇರುತ್ತದೆ.

ಅಲ್ಲಿಯವರೆಗೆ ದಯವಿಟ್ಟು ಸೆಂದಾಯ್‌ನಲ್ಲಿರಿ.

ಸೆಗಾವಾ


ಕಾಮೊ
ಮಾರ್ಚ್ 22
(ತಂತಿ)

ಕಾನೂನಿನಲ್ಲಿ ಜಾಗವಿಲ್ಲ. ಏಪ್ರಿಲ್ ಹದಿಮೂರರೊಳಗೆ ಬನ್ನಿ. ತೊಗಾಶಿ.


ಚೋಫು
ಏಪ್ರಿಲ್ 20

ತೊಗಾಶಿ ಅವರಿಗೆ,

ಟೇಪನ್ನು ಈ ಪತ್ರದ ಜೊತೆ ಪಾರ್ಸಲಿನಲ್ಲಿ ಕಳಿಸುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು. ನಿಮ್ಮ ತಂತಿ ಬಂದ ದಿನ ರೈಲಿನ ಚೀಟಿ ಕೂಡ ತೆಗೆಸಿದ್ದೆ. ನಿಲ್ದಾಣದವರೆಗೆ ಹೋದೆ.

ಪತ್ರಿಕೆಯವರಿಗೆ ಮೊನ್ನೆ ಚಿತ್ರ ತೋರಿಸಿದೆವು. ಡಬ್ಬಿಯ ದೃಶ್ಯದಲ್ಲಿ ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಮೊದಲ ಸಲ ನನ್ನ ಚಿತ್ರವೊಂದನ್ನು ನಾನೇ ನೋಡಲಾಗದೆ ಹೊರಗೆ ಬಂದು ನಿಂತೆ.

ನೀವು ಹೇಗಿದ್ದೀರಿ ಎಂದು ಒಂದು ಸಾಲು ಬರೆಯಿರಿ.

ಸೆಗಾವಾ


ಕಾಮೊ
ಮೇ 6

ಮಾನ್ಯ ಸೆಗಾವಾ ಅವರಿಗೆ,

ಬೀದಿಯ ಕೊನೆಯ ಚೆರಿ ಮರದ ಹೂವೆಲ್ಲ ಉದುರಿ ಎಲೆ ಬಂದಿದೆ. ಟೇಪು ತಲುಪಿತು. ತ್ಸುರುಓಕಾದ ಆ ಅಧಿಕಾರಿಗೆ ಕೊಟ್ಟೆ. ಅವರು ಪೂರ್ತಿ ಕೇಳಿದರು. ಆಮೇಲೆ ಟೇಪನ್ನು ಹಿಂದಕ್ಕೆ ಕೊಟ್ಟು ತಲೆಬಾಗಿದರು.

ನೀವು ನನ್ನ ಕ್ಷೇಮ ಕೇಳಿದ್ದೀರಿ. ನಡೆದದ್ದನ್ನು ಬರೆಯುತ್ತೇನೆ.

ಏಪ್ರಿಲ್ ಹದಿನಾರರ ಬೆಳಗ್ಗೆ ಮಕಾಬೆಯವರು ನನ್ನ ಮುಂಬಾಗಿಲಿಗೆ ಬಂದರು. ಹೊಸ ಕೋಟು ತೊಟ್ಟಿದ್ದರು. ಕರೆಯದೆಯೇ ಬಾಗಿಲು ಸರಿಸಿ, ಚಪ್ಪಲಿ ಬಿಡುವ ಜಾಗದಲ್ಲಿ ಒಳಮೆಟ್ಟಿಲ ಮೇಲೆ ಕೂತರು.

"ಇನ್ನು ನಾವು ಆರಾಮಾಗಿ ಮಾತಾಡ್ಬಹುದಲ್ವಾ ಟೀಚರ್."

ನಾನು ನಿಂತೇ ಇದ್ದೆ.

"ಕೂತ್ಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಗಂಡ ಹೆಂಡತೀನ ಯಾಕೆ ಕೊಂದ ಅಂತ ಸರಿಯಾಗಿ ಬಂದಿಲ್ಲ. ಹಣ, ಅನುಮಾನ ಏನೇನೋ ಬರೆದಿದೀರ. ಅವಳು ಒಲೆ ಹತ್ರ ನಿಂತ್ಕೊಂಡು ಓದ್ತಿದ್ಲು. ನಿಮ್ಮನೆಯಿಂದ ತಂದ ಪುಸ್ತಕವೇ. ನಾನು ಕರೆದೆ. ಓದ್ತಾನೇ ಇದ್ಲು. ಮತ್ತೆ ಕರೆದೆ. ಒಂದು ಪುಟ ತಿರುಗಿಸಿದ್ಲು."

ಅಲ್ಲಿಗೆ ನಿಲ್ಲಿಸಿ ಎದ್ದರು.

"ಎಲ್ಲಿದ್ದಾಳೆ?" ಎಂದೆ. ಹದಿನೈದು ವರ್ಷದಲ್ಲಿ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ.

"ಅದು ಕೊನೇ ಅಧ್ಯಾಯ. ಈಗ್ಲೇ ಹೇಳ್ಬಿಟ್ರೆ ನೀವು ಬರೆಯೋದು ನಿಲ್ಲಿಸ್ಬಿಡ್ತೀರ."

ಅಂದಿನಿಂದ ದಿನವೂ ಮಧ್ಯಾಹ್ನ ಬರುತ್ತಾರೆ. ಸ್ವಲ್ಪ ಸ್ವಲ್ಪವೇ ಹೇಳುತ್ತಾರೆ. ನಾನು ಬರೆದುಕೊಳ್ಳಬೇಕು, ಹಿಂದಿನ ದಿನದ್ದನ್ನು ಓದಿ ತೋರಿಸಬೇಕು. ತಪ್ಪಿದ್ದರೆ ತಿದ್ದುತ್ತಾರೆ. ಪೊಲೀಸರಿಗೆ ಹೇಳಿದೆ. ಬೆದರಿಸಿದರೇ ಎಂದು ಕೇಳಿದರು. ಇಲ್ಲ. ಹೊಡೆದರೇ? ಇಲ್ಲ. ನೆರೆಯವರು ಬಂದು ಚಹಾ ಕುಡಿದು ಹೋಗುತ್ತಾರೆ, ಅಷ್ಟೇ. ತಂಗಿ ಹೊರಟು ಬಾ ಎನ್ನುತ್ತಾಳೆ. ನಾನು ಹೊರಟರೆ ನೊಬುಎ ಎಲ್ಲಿದ್ದಾಳೋ ಅಲ್ಲೇ ಉಳಿಯುತ್ತಾಳೆ. ಅವಳ ಒಂದು ಎಲುಬಾದರೂ ಆ ಗೋರಿಯೊಳಗೆ ಇಡದೆ ನಾನು ಈ ಊರು ಬಿಡುವುದಿಲ್ಲ. ಇದು ಅವರಿಗೂ ಗೊತ್ತು.

ನಿಮ್ಮ ಸಿನಿಮಾ ನಾನು ನೋಡಿಲ್ಲ. ಅವರು ಮೂರು ಸಲ ನೋಡಿ ಬಂದರು. ತೆರೆಯ ಮೇಲೆ ತಮ್ಮ ಹೆಸರು ಬಂದಾಗ ಪಕ್ಕದ ಸೀಟಿನವರಿಗೆ ತೋರಿಸಿದರಂತೆ.

ನಿನ್ನೆ, ಹೊರಡುವ ಮೊದಲು, ಈ ಹೊಸ ಪುಸ್ತಕದಲ್ಲಿ ಹೆಂಡತಿಗೆ ಏನು ಹೆಸರಿಟ್ಟಿದ್ದೀರಿ ಎಂದು ಕೇಳಿದರು. ನೊಬುಎ ಎಂದೆ. ಈ ಸಲ ಏನನ್ನೂ ತಿರುಗಿಸಿ ಬರೆಯಬಾರದು ಎಂದುಕೊಂಡಿದ್ದೆ.

"ಬೇಡ ಬಿಡಿ" ಎಂದರು. ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನತ್ತ ನೋಡದೆ ಹೇಳಿದರು, "ನಿಮ್ಮ ಹೆಸರೇ ಇಡಿ ಟೀಚರ್. ಅದೇ ಸರಿಹೋಗುತ್ತೆ."

ತೊಗಾಶಿ ಮಿನೆಕೊ